ಮೊದಲು ಮಕ್ಕಳಿಗೆ ಊಟವಾಗಲಿ



2025ರ ಪಾಸ್ಖ ಹಬ್ಬದ ಮಾರನೆಯ ದಿನ, ಅಂದರೆ ಏಪ್ರಿಲ್ 21ರ ಸೋಮವಾರ, ಜಗದ್ಗುರು ಫ್ರಾನ್ಸಿಸ್‌ರವರು ದೈವಾಧೀನರಾದ ಸುದ್ದಿ ಬಂದಿತು. ಮರುದಿನ ಬೆಳಿಗ್ಗೆ ಹಾಸಿಗೆ ಹಿಡಿದಿದ್ದ ವೃದ್ಧರೊಬ್ಬರಿಗೆ ಪರಮಪ್ರಸಾದ ಕೊಟ್ಟು ಹಿಂದಿರುಗುವಾಗ ವಿದುರಾಶ್ವತ್ಥದಲ್ಲಿ ಒಂದು ಟೀ ಅಂಗಡಿಯ ಮುಂದೆ ಗಾಡಿ ನಿಲ್ಲಿಸಿದೆ. ಅಂಗಡಿಯ ಯಜಮಾನರು ಲೋಟವನ್ನು ಕೈಗೆ ಕೊಡುತ್ತಾ, ‘ಸ್ವಾಮಿ, ನಿಮ್ಮ ದೊಡ್ಡ ಗುರುಗಳು ಹೋಗ್ಬಿಟ್ರಂತಲ್ಲ, ಟೀವೀಲಿ ನೋಡ್ದೆ. ಬಡವರ ಪರ ಇದ್ದೋರಂತೆ’ ಎಂದರು. ನಾನು ತಲೆಯಾಡಿಸಿದೆ. ದುಡ್ಡು ಕೊಡಲು ಹೋದರೆ ತೆಗೆದುಕೊಳ್ಳಲಿಲ್ಲ. ‘ಇವತ್ತು ಬ್ಯಾಡ ಬಿಡಿ. ಸಿದ್ಧಗಂಗೆ ಬುದ್ಧಿಯೋರು ಹೋದಾಗ ನಮಗೂ ಹಿಂಗೇ ಆಗಿತ್ತು’ ಎಂದರು.

ದಾರಿಯುದ್ದಕ್ಕೂ ಆ ಮಾತು ನನ್ನ ಜೊತೆಯಲ್ಲೇ ಬಂದಿತು. ಅವರು ನಮ್ಮ ಧರ್ಮದವರಲ್ಲ. ಜಗದ್ಗುರುಗಳ ಹೆಸರನ್ನು ಸರಿಯಾಗಿ ಹೇಳಲೂ ಅವರಿಗೆ ಬರಲಿಲ್ಲ. ಆದರೂ ನಮ್ಮ ದುಃಖವನ್ನು ತಮ್ಮ ಮನೆಯ ದುಃಖದ ಪಕ್ಕದಲ್ಲಿಟ್ಟು ನೋಡಿದರು.

ಅವರು ನೆನೆದ ದಿನವನ್ನು ನಾವೂ ನೆನೆಯೋಣ.

ಅಂದು ಸಿದ್ಧಗಂಗೆಯಲ್ಲಿ

2019ರ ಜನವರಿ 21. ಅದೂ ಸೋಮವಾರವೇ. ಬೆಳಿಗ್ಗೆ 11 ಗಂಟೆ 44 ನಿಮಿಷಕ್ಕೆ ತುಮಕೂರಿನ ಸಿದ್ಧಗಂಗಾ ಮಠದ ಡಾ. ಶಿವಕುಮಾರ ಸ್ವಾಮೀಜಿಯವರು ಲಿಂಗೈಕ್ಯರಾದರು. ಆಗ ಅವರಿಗೆ 111 ವರ್ಷ. 1907ರಲ್ಲಿ ಮಾಗಡಿ ತಾಲ್ಲೂಕಿನ ವೀರಾಪುರದಲ್ಲಿ ಹುಟ್ಟಿದ ಅವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿದರು. 1930ರಲ್ಲಿ ಸನ್ಯಾಸ ಸ್ವೀಕರಿಸಿ, 1941ರಲ್ಲಿ ಮಠದ ಹೊಣೆ ಹೊತ್ತರು. ಅನ್ನ, ಅಕ್ಷರ, ಆಶ್ರಯ ಎಂಬ ಮೂರು ದಾಸೋಹಗಳನ್ನು ಜಾತಿ ಮತ ಕೇಳದೆ ನಡೆಸಿದರು. ಜನ ಅವರನ್ನು ‘ನಡೆದಾಡುವ ದೇವರು’ ಎಂದು ಕರೆದರು. ಅವರು ಹೋದಾಗ ಮಠದಲ್ಲಿ ಊಟ, ವಸತಿ ಪಡೆದು ಓದುತ್ತಿದ್ದ ಮಕ್ಕಳು ಸುಮಾರು ಹತ್ತು ಸಾವಿರ.

ನಮ್ಮ ಗೌರಿಬಿದನೂರು ತಾಲ್ಲೂಕಿಗೆ ಇದು ದೂರದ ಸುದ್ದಿಯಲ್ಲ. ಮಧುಗಿರಿ, ಕೊರಟಗೆರೆ ದಾಟಿದರೆ ತುಮಕೂರು. ಮಳೆ ಕೈಕೊಟ್ಟ ವರ್ಷಗಳಲ್ಲಿ, ಮನೆಯಲ್ಲಿ ರಾಗಿ ಸಾಲದಾದಾಗ, ಒಂದು ತಗಡಿನ ಪೆಟ್ಟಿಗೆ ಹೊರಿಸಿ ಮಗನನ್ನು ಮಠಕ್ಕೆ ಸೇರಿಸಿ ಬಂದ ತಂದೆಯರು ಈ ಸೀಮೆಯಲ್ಲಿ ಅನೇಕರು. ಅದಕ್ಕೇ ಆ ದಿನ ಇಲ್ಲಿಯ ಜನ ಸ್ವಂತ ಮನೆಯ ಹಿರಿಯರನ್ನು ಕಳೆದುಕೊಂಡವರಂತೆ ಅತ್ತರು.

ಸರ್ಕಾರ ಮೂರು ದಿನಗಳ ಶೋಕಾಚರಣೆಯನ್ನು ಪ್ರಕಟಿಸಿತು. ಮಾರನೆಯ ದಿನ ಶಾಲೆ, ಕಚೇರಿಗಳಿಗೆ ರಜೆ ಕೊಟ್ಟಿತು. ಲಕ್ಷಾಂತರ ಜನ ಚಳಿಯಲ್ಲಿ ರಾತ್ರಿಯಿಡೀ ಸಾಲಿನಲ್ಲಿ ನಿಂತರು. ತುಮಕೂರಿನಲ್ಲಿ ಹೀಗೆ ಬಂದವರಿಗೆ ಊಟ, ನೀರು ಹಂಚಿದವರಲ್ಲಿ ಮುಸ್ಲಿಂ ಬಾಂಧವರೂ ಇದ್ದರು. ಗಣ್ಯರು ಬಂದರು, ಟೀವಿಯವರು ಬಂದರು. ಅದರ ಬೆನ್ನಿಗೇ ಕೋಪವೂ ಬಂತು. ಸ್ವಾಮೀಜಿಯವರಿಗೆ ಭಾರತರತ್ನ ಕೊಡಬೇಕೆಂಬುದು ನಾಡಿನ ಬಹುದಿನದ ಬೇಡಿಕೆಯಾಗಿತ್ತು. ಅದೇ ಜನವರಿ 25ರಂದು ಹೊರಬಿದ್ದ ಪಟ್ಟಿಯಲ್ಲಿ ಅವರ ಹೆಸರಿರಲಿಲ್ಲ. ಕೆಲವು ದಿನ ಎಲ್ಲಿ ನೋಡಿದರೂ ಅದೇ ಮಾತು.

ಆದರೆ ಇವೆಲ್ಲಕ್ಕೂ ಮುಂಚೆ ಒಂದು ಘಟನೆ ನಡೆದಿತ್ತು. ತಮ್ಮ ಮರಣದ ಸುದ್ದಿಯನ್ನು ಮಕ್ಕಳ ಊಟವಾದ ಮೇಲೆಯೇ ತಿಳಿಸಬೇಕು ಎಂಬುದು ಸ್ವಾಮೀಜಿಯವರ ಇಚ್ಛೆಯಾಗಿತ್ತು. ಸುದ್ದಿ ಕಿವಿಗೆ ಬಿದ್ದರೆ ಮಕ್ಕಳು ತಟ್ಟೆ ಬಿಟ್ಟು ಏಳುತ್ತಾರೆಂದು ಅವರಿಗೆ ಗೊತ್ತಿತ್ತು. ಅಂತೆಯೇ ನಡೆಯಿತು. ಮಕ್ಕಳ ಮಧ್ಯಾಹ್ನದ ಊಟ ಮುಗಿದ ಮೇಲೆ ಲೋಕಕ್ಕೆ ಸುದ್ದಿ ತಿಳಿಯಿತು.

ಸಾವಾದ ಮನೆಯಲ್ಲಿ ಒಲೆ ಹಚ್ಚುವುದಿಲ್ಲ ಎಂಬುದು ನಮ್ಮ ನಾಡಿನ ರೂಢಿ. ಅಂದು ಸಿದ್ಧಗಂಗೆಯಲ್ಲಿ ಮಾತ್ರ ಒಲೆ ಆರಲಿಲ್ಲ.

ನಮ್ಮ ಬಲಿಪೀಠದಲ್ಲಿ ಅವರ ಹೆಸರು

ಅದರ ಮುಂದಿನ ಭಾನುವಾರ ಬಲಿಪೂಜೆಯ ವಿಶ್ವಾಸಿಗಳ ಪ್ರಾರ್ಥನೆಯಲ್ಲಿ ನಾನು ಸ್ವಾಮೀಜಿಯವರ ಹೆಸರನ್ನು ಸೇರಿಸಿದೆ. ಪೂಜೆ ಮುಗಿದ ಮೇಲೆ ಒಬ್ಬರು ಬಳಿಗೆ ಬಂದು, ‘ಫಾದರ್, ಬೇರೆ ಧರ್ಮದ ಸ್ವಾಮಿಗಳಿಗಾಗಿ ನಮ್ಮ ಬಲಿಪೀಠದಲ್ಲಿ ಪ್ರಾರ್ಥಿಸಬಹುದೆ?’ ಎಂದು ಮೆಲ್ಲನೆ ಕೇಳಿದರು. ಕೇಳಿದ್ದು ದ್ವೇಷದಿಂದಲ್ಲ, ತಿಳಿಯಬೇಕೆಂಬ ಮನಸ್ಸಿನಿಂದ. ಆದ್ದರಿಂದ ಉತ್ತರವನ್ನೂ ಹಾಗೆಯೇ ಹೇಳಬೇಕು.

ಎರಡನೇ ವ್ಯಾಟಿಕನ್ ಮಹಾಸಭೆ 1965ರ ಅಕ್ಟೋಬರ್ 28ರಂದು ಪ್ರಕಟಿಸಿದ ‘ನೋಸ್ತ್ರಾ ಏತಾತೆ’ ಎಂಬ ಘೋಷಣೆಯಲ್ಲಿ, ಇತರ ಧರ್ಮಗಳಲ್ಲಿರುವ ಸತ್ಯವಾದ, ಪವಿತ್ರವಾದ ಯಾವುದನ್ನೂ ಧರ್ಮಸಭೆ ತಳ್ಳಿಹಾಕುವುದಿಲ್ಲ ಎಂದು ತಿಳಿಸಿದೆ. ಹಾಗೆಂದ ಮಾತ್ರಕ್ಕೆ ನಮಗೂ ಅವರಿಗೂ ಇರುವ ವ್ಯತ್ಯಾಸಗಳನ್ನು ಒರೆಸಿ ಹಾಕಬೇಕಾಗಿಲ್ಲ. ಸ್ವಾಮೀಜಿಯವರು ಬಸವಣ್ಣನವರ ದಾರಿಯಲ್ಲಿ ನಡೆದ ಶರಣರು. ಅವರನ್ನು ನಮ್ಮವರೆಂದು ಬರೆದುಕೊಳ್ಳುವುದೂ ಒಂದು ಬಗೆಯ ಅಗೌರವವೇ. ಆದರೆ ಎಲ್ಲ ಒಳಿತಿನ ಬುಗ್ಗೆ ದೇವರೇ ಎಂದು ನಂಬುವ ನಾವು, ಹಸಿದ ಮಗುವಿನ ತಟ್ಟೆಗೆ ಅನ್ನ ಬಿದ್ದುದಕ್ಕಾಗಿ ದೇವರಿಗೆ ವಂದನೆ ಹೇಳದಿದ್ದರೆ ಬೇರೆ ಯಾವುದಕ್ಕಾಗಿ ಹೇಳುತ್ತೇವೆ? ಕೊನೆಯ ತೀರ್ಪಿನ ದಿನ ಪ್ರಭು ಯೇಸು ಕೇಳುವ ಮೊದಲ ಪ್ರಶ್ನೆ ಹಸಿವಿನದೇ ಎಂಬುದನ್ನು ಸಂತ ಮತ್ತಾಯರ ಶುಭಸಂದೇಶದ 25ನೇ ಅಧ್ಯಾಯದಲ್ಲಿ ಓದಿದ್ದೇವಲ್ಲವೆ?

ಗೋಳಾಟದ ನಡುವೆ ಒಂದು ಮಾತು

ಸಂತ ಮಾರ್ಕರ ಶುಭಸಂದೇಶದ 5ನೇ ಅಧ್ಯಾಯದಲ್ಲಿ ಯಾಯೀರನ ಮನೆಗೆ ಯೇಸು ಹೋಗುವ ಪ್ರಸಂಗವಿದೆ. ಹನ್ನೆರಡು ವರ್ಷದ ಹುಡುಗಿ ಸತ್ತಿದ್ದಾಳೆ. ಮನೆ ತುಂಬ ಗೋಳಾಟ, ಗದ್ದಲ. ಯೇಸು ಆ ಗುಂಪನ್ನು ಹೊರಗೆ ಕಳುಹಿಸಿ, ಹುಡುಗಿಯ ಕೈ ಹಿಡಿದು ಎಬ್ಬಿಸುತ್ತಾರೆ. ಕಂಡವರು ಬೆರಗಾಗಿ ನಿಲ್ಲುತ್ತಾರೆ. ಆಗ ಯೇಸು ಹೇಳುವ ಕೊನೆಯ ಮಾತು ಏನು ಗೊತ್ತೆ? ಅವಳಿಗೆ ತಿನ್ನಲು ಏನಾದರೂ ಕೊಡಿ ಎಂದು! ಅಷ್ಟು ದೊಡ್ಡ ಅದ್ಭುತದ ಸಂಭ್ರಮದಲ್ಲಿ ಹೆತ್ತವರಿಗೂ ಮಗುವಿನ ಹಸಿವು ಮರೆತುಹೋಗಿತ್ತು. ಪ್ರಭುವಿಗೆ ಮಾತ್ರ ನೆನಪಿತ್ತು.

ದುಃಖದಲ್ಲೂ ಸಂಭ್ರಮದಲ್ಲೂ ಗುಂಪು ಮರೆಯುವುದು ಚಿಕ್ಕವರನ್ನು. ಇದನ್ನು ನಾನು ಪುಸ್ತಕದಿಂದ ಕಲಿತದ್ದಲ್ಲ.

ನಾನು ಬೋರ್ಡಿಂಗಿನಲ್ಲಿ ಓದುತ್ತಿದ್ದ ಹುಡುಗ. ಒಂದು ದಿನ ಬೆಳಿಗ್ಗೆ ನಮ್ಮೆಲ್ಲರಿಗೂ ಪ್ರಿಯರಾಗಿದ್ದ ಹಿರಿಯ ಗುರುಗಳೊಬ್ಬರು ತೀರಿಕೊಂಡರು. ಕೂಡಲೇ ಓಡಾಟ ಶುರುವಾಯಿತು. ಹೂವು ತರುವವರು, ಶಾಮಿಯಾನ ಕಟ್ಟುವವರು, ಬರುವ ಗಣ್ಯರಿಗೆ ಕುರ್ಚಿ ಹಾಕುವವರು. ನಮ್ಮನ್ನು ಬಿಸಿಲಿನಲ್ಲಿ ಎರಡು ಸಾಲಾಗಿ ನಿಲ್ಲಿಸಿದರು. ಬೆಳಗಿನ ಉಪ್ಪಿಟ್ಟು ಇಲ್ಲ, ಮಧ್ಯಾಹ್ನದ ಮುದ್ದೆ ಇಲ್ಲ. ಕೇಳಲು ಧೈರ್ಯವಿಲ್ಲ, ಕೇಳಿದರೆ ಗುರುಗಳ ಮೇಲೆ ಪ್ರೀತಿಯಿಲ್ಲ ಎಂದುಕೊಂಡಾರು ಎಂಬ ಭಯ. ನನ್ನ ಪಕ್ಕದಲ್ಲಿದ್ದ ಚಿಕ್ಕ ಹುಡುಗ ತಲೆ ಸುತ್ತಿ ಬಿದ್ದ. ನಮಗೆ ಊಟ ಸಿಕ್ಕಿದಾಗ ಸಂಜೆಯಾಗಿತ್ತು. ಪ್ರತಿ ರಾತ್ರಿ ಪಂಕ್ತಿಯಲ್ಲಿ ನಡೆದು ಬಂದು ‘ಹೊಟ್ಟೆ ತುಂಬಿತೇನೋ?’ ಎಂದು ಕೇಳುತ್ತಿದ್ದವರು ಆ ಗುರುಗಳೊಬ್ಬರೇ. ಅವರಿಗಾಗಿ ಅಳುವ ದಿನವೇ ಆ ಪ್ರಶ್ನೆ ಕೇಳುವವರು ಇರಲಿಲ್ಲ.

ದೊಡ್ಡವರ ಮೇಲೆ ನನಗಿದ್ದ ಆ ಸಿಟ್ಟು ಬಹಳ ವರ್ಷ ಉಳಿಯಿತು. ಆಮೇಲೆ ನಾನೇ ಗುರುವಾದೆ. ನಾನು ಸೇವೆ ಮಾಡುತ್ತಿದ್ದ ಒಂದು ಧರ್ಮಕೇಂದ್ರದಲ್ಲಿ ನಲವತ್ತು ವರ್ಷ ಹಳ್ಳಿಹಳ್ಳಿ ಸುತ್ತಿ ಜಪತಪ ಕಲಿಸಿದ ವೃದ್ಧ ಉಪದೇಶಿ ತೀರಿಕೊಂಡರು. ಸುತ್ತಲ ಎಲ್ಲ ಜಾತಿಯ ಜನರೂ ಗೌರವಿಸುತ್ತಿದ್ದ ವ್ಯಕ್ತಿ. ಅಂತ್ಯಕ್ರಿಯೆ ಅವರ ಯೋಗ್ಯತೆಗೆ ತಕ್ಕಂತೆ ಆಗಬೇಕೆಂದು ನಾನು ಬಹಳ ಓಡಾಡಿದೆ. ಬ್ಯಾನರ್ ಬರೆಸಿದೆ, ಮೈಕು ತರಿಸಿದೆ, ಮಾತನಾಡುವವರ ಪಟ್ಟಿ ಮಾಡಿದೆ. ಎಲ್ಲ ಮುಗಿದ ಮೇಲೆ ಅವರ ಮನೆಗೆ ಹೋದರೆ, ಅವರ ಮೊಮ್ಮಕ್ಕಳಿಬ್ಬರು ಮೂಲೆಯಲ್ಲಿ ಕುಳಿತು ಅನ್ನ ತಿನ್ನುತ್ತಿದ್ದರು. ಹಿಂದಿನ ರಾತ್ರಿಯಿಂದ ಅವು ಏನೂ ತಿಂದಿರಲಿಲ್ಲ. ತಟ್ಟೆ ತಂದಿಟ್ಟವರು ಪಕ್ಕದ ಮನೆಯ ಮುಸ್ಲಿಂ ತಾಯಿ. ನನ್ನನ್ನು ಕಂಡು ಆಕೆ ಏನೂ ಹೇಳಲಿಲ್ಲ. ಸೆರಗು ಸರಿಪಡಿಸಿಕೊಂಡು ಎದ್ದು ನಿಂತರು ಅಷ್ಟೆ. ಆ ದಿನ ಸತ್ತವರಿಗೆ ನಿಜವಾದ ಗೌರವ ತೋರಿಸಿದವರು ಯಾರು? ನಾನಂತೂ ಅಲ್ಲ.

ಹೋಗುವವರು ಕೇಳುವುದು ಏನನ್ನು?

ಅಳಬೇಡಿ ಎಂದು ನಾನು ಹೇಳುತ್ತಿಲ್ಲ. ಗೆಳೆಯ ಲಾಜರನ ಸಮಾಧಿಯ ಬಳಿ ಯೇಸುವೂ ಕಣ್ಣೀರು ಸುರಿಸಿದರು. ಸಾವಿರಾರು ಮೈಲಿ ದೂರದಲ್ಲಿ ತೀರಿಕೊಂಡ ಜಗದ್ಗುರುಗಳಿಗಾಗಿ ನಮ್ಮ ದೇಶ ಮೂರು ದಿನ ಶೋಕ ಆಚರಿಸಿತು. ರಾಷ್ಟ್ರಪತಿಗಳೇ ಅಂತ್ಯಕ್ರಿಯೆಗೆ ಹೋದರು. ಅದು ನಮಗೆ ಸಮಾಧಾನ ಕೊಟ್ಟಿತು. ಬಿರುದು ಸಿಗದಾಗ ಜನರಿಗೆ ನೋವಾದದ್ದೂ ಸಹಜ. ಪ್ರೀತಿಸಿದವರಿಗೆ ಲೋಕವೆಲ್ಲ ತಲೆಬಾಗಲಿ ಎಂದು ಯಾರಿಗೆ ಅನ್ನಿಸುವುದಿಲ್ಲ?

ಆದರೆ ಹೋಗುವ ಮಹಾತ್ಮರು ತಮಗಾಗಿ ಕೇಳಿಕೊಂಡದ್ದನ್ನು ಗಮನಿಸಿ. ವಿಜಯಪುರದ ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮೀಜಿಯವರು 2023ರ ಜನವರಿ 2ರಂದು ನಮ್ಮನ್ನು ಅಗಲಿದರು. ಜೇಬಿಲ್ಲದ ಅಂಗಿ ತೊಟ್ಟು ಬದುಕಿದ ಅವರು 2018ರಲ್ಲಿ ಬಂದ ಪದ್ಮಶ್ರೀಯನ್ನು ವಿನಯದಿಂದ ಬೇಡವೆಂದವರು. ತಮ್ಮ ದೇಹವನ್ನು ದಹನ ಮಾಡಬೇಕು, ಬೂದಿಯನ್ನು ನೀರಿನಲ್ಲಿ ಬಿಡಬೇಕು, ಸ್ಮಾರಕ ಕಟ್ಟಬಾರದು ಎಂದು ಮೊದಲೇ ಬರೆದಿಟ್ಟಿದ್ದರು. ಜಗದ್ಗುರು ಫ್ರಾನ್ಸಿಸ್‌ರವರು ತಮ್ಮ ಉಯಿಲಿನಲ್ಲಿ ಕೇಳಿದ್ದು ನೆಲದಲ್ಲೊಂದು ಸರಳ ಗೋರಿ, ಅದರ ಮೇಲೆ ‘ಫ್ರಾನ್ಸಿಸ್ಕುಸ್’ ಎಂಬ ಒಂದೇ ಪದ. ಬೆತ್ಲೆಹೇಮಿನಲ್ಲಿ 2014ರಲ್ಲಿ ತಾವು ಬಳಸಿದ ವಾಹನವನ್ನು ಗಾಜಾದ ಮಕ್ಕಳ ಚಿಕಿತ್ಸೆಗೆ ಸಂಚಾರಿ ಆಸ್ಪತ್ರೆಯಾಗಿ ಮಾರ್ಪಡಿಸಬೇಕೆಂಬುದು ಅವರ ಕೊನೆಯ ತಿಂಗಳುಗಳ ಆಶೆಯಾಗಿತ್ತು. 387ರಲ್ಲಿ ಓಸ್ತಿಯಾ ಪಟ್ಟಣದಲ್ಲಿ ಸಾಯುತ್ತಿದ್ದ ಸಂತ ಮೋನಿಕಾ, ದೇಹವನ್ನು ಎಲ್ಲಿ ಮಣ್ಣು ಮಾಡಿದರೂ ಚಿಂತೆಯಿಲ್ಲ, ಪ್ರಭುವಿನ ಬಲಿಪೀಠದಲ್ಲಿ ತನ್ನನ್ನು ನೆನೆದರೆ ಸಾಕು ಎಂದಳೆಂದು ಅವಳ ಮಗ ಸಂತ ಅಗಸ್ಟೀನರು ಬರೆದಿದ್ದಾರೆ.

ಇವರಾರೂ ತಮ್ಮ ದೇಹಕ್ಕಾಗಿ, ಹೆಸರಿಗಾಗಿ ಹೆಚ್ಚೇನೂ ಕೇಳಲಿಲ್ಲ. ಕೇಳಿದ್ದೆಲ್ಲ ಉಳಿದವರಿಗಾಗಿ. ಆದರೆ ನಾವು? ಅವರು ಕೇಳದ್ದನ್ನು ಧಾರಾಳವಾಗಿ ಕೊಡುತ್ತೇವೆ. ಕೇಳಿದ್ದನ್ನು ನಾಳೆಗೆ ತಳ್ಳುತ್ತೇವೆ. ಪ್ರವಾದಿಗಳ ಸಮಾಧಿಗಳನ್ನು ಚೆನ್ನಾಗಿ ಕಟ್ಟಿ, ಅವರ ಮಾತನ್ನು ಮಾತ್ರ ಹೂಳುವವರನ್ನು ಯೇಸು ಎಷ್ಟು ಕಠಿಣವಾಗಿ ಖಂಡಿಸಿದರು!

ನಮ್ಮ ವಿದುರಾಶ್ವತ್ಥದಲ್ಲಿ ವಿದುರನೇ ನೆಟ್ಟದ್ದೆಂದು ಜನ ನಂಬಿದ್ದ ಹಳೆಯ ಅಶ್ವತ್ಥ ಮರ 2001ರಲ್ಲಿ ಉರುಳಿತು. ಅಶ್ವತ್ಥದ ಹಣ್ಣು ತಿಂದ ಹಕ್ಕಿಗಳು ಬೀಜವನ್ನು ಎಲ್ಲೆಲ್ಲಿಗೋ ಒಯ್ಯುತ್ತವೆ. ಗೋಡೆಯ ಬಿರುಕಿನಲ್ಲೂ, ಬಾವಿಯ ಕಟ್ಟೆಯಲ್ಲೂ ಗಿಡ ಏಳುತ್ತದೆ. ಮರದಲ್ಲಿ ತಿಂದವರು ಬೀಜ ಹೊತ್ತರೆ ಮರಕ್ಕೆ ಸಾವಿಲ್ಲ. ಒಬ್ಬ ಗುರುವಿನ ಅನ್ನ ಉಂಡವರು ಇನ್ನೊಬ್ಬರಿಗೆ ಬಡಿಸಿದರೆ ಆ ಗುರುವಿಗೂ ಸಾವಿಲ್ಲ. ಪುನರುತ್ಥಾನರಾದ ಪ್ರಭು ತಿಬೇರಿಯ ಸರೋವರದ ದಡದಲ್ಲಿ ತಾವೇ ಬೆಂಕಿ ಮಾಡಿ ಶಿಷ್ಯರಿಗೆ ಊಟ ಬಡಿಸಿದರು. ಅದಾದ ಮೇಲೆ ಪೇತ್ರರನ್ನು ಮೂರು ಸಲ, ತಮ್ಮ ಮೇಲೆ ಪ್ರೀತಿಯಿದೆಯೇ ಎಂದು ಕೇಳಿದರು. ಇದೆ ಎಂದ ಪೇತ್ರರಿಗೆ ಅವರು ಒಪ್ಪಿಸಿದ ಕೆಲಸ ಮರಿಗಳನ್ನು ಮೇಯಿಸುವುದು.

ಕುಟುಂಬಗಳಲ್ಲಿ ಮಾಡಬಹುದಾದದ್ದು

ಪ್ರಿಯರೇ, ನಮ್ಮ ಮನೆಗಳಲ್ಲೂ ಹಿರಿಯರ ವರ್ಷದ ಪೂಜೆ ಬರುತ್ತದೆ. ಪಟಕ್ಕೆ ಹಾರ ತರುವ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳೋಣ: ಇವರು ಬದುಕಿದ್ದಾಗ ಯಾರನ್ನು ನೋಡಿಕೊಳ್ಳುತ್ತಿದ್ದರು? ಆ ದಿನ ಅವರ ಮನೆಗೆ ಒಂದು ಹೊತ್ತಿನ ಊಟ ಹೋಗಲಿ, ಅಥವಾ ಆ ಮನೆಯ ಮಗುವಿನ ಶಾಲಾ ಪುಸ್ತಕ ಹೋಗಲಿ. ಊರಿನಲ್ಲಿ ಸಾವಾದಾಗ, ಯಾವ ಧರ್ಮದವರ ಮನೆಯಾದರೂ ಸರಿ, ಅಳುವ ದೊಡ್ಡವರನ್ನು ಸಂತೈಸುವಾಗಲೇ ಮೂಲೆಯಲ್ಲಿರುವ ಮಕ್ಕಳನ್ನೂ ಹುಡುಕೋಣ. ಅವರನ್ನು ಮನೆಗೆ ಕರೆತಂದು ಉಣ್ಣಿಸೋಣ. ಇದಕ್ಕೆ ಭಾಷಣ ಬೇಕಿಲ್ಲ, ಬ್ಯಾನರ್ ಬೇಕಿಲ್ಲ.

ಮೊನ್ನೆ ಮತ್ತೆ ಆ ಟೀ ಅಂಗಡಿಗೆ ಹೋಗಿದ್ದೆ. ದುಡ್ಡು ತೆಗೆದುಕೊಂಡರು. ‘ಅವತ್ತು ಯಾಕೆ ತಗೊಳ್ಳಲಿಲ್ಲ?’ ಎಂದು ಕೇಳಿದೆ. ‘ಸಾವಿನ ಮನೆಯೋರಿಂದ ಯಾರಾದ್ರೂ ದುಡ್ಡು ಈಸ್ಕೊಂತಾರಾ ಸ್ವಾಮಿ?’ ಎಂದರು.

ಓ ಪ್ರಭುವೇ, ನಮಗೆ ಒಳ್ಳೆಯ ಗುರುಗಳನ್ನು ಕೊಟ್ಟದ್ದಕ್ಕಾಗಿ ನಿಮಗೆ ವಂದನೆ. ಅವರು ಹೋದ ದಿನ ನಮ್ಮ ಕಣ್ಣುಗಳು ತುಂಬಿರಲಿ. ಆದರೆ ಯಾವ ಮಗುವಿನ ತಟ್ಟೆಯೂ ಬರಿದಾಗದಿರಲಿ. ಆಮೆನ್.