ಬಣ್ಣದ ಕೆಳಗಿನ ತುಕ್ಕು


ಇಂದಿನ ಧಮ್ಮ ಚಿಂತನೆ



ಧಮ್ಮಪದದ 18ನೇ ವಗ್ಗ ಮಲವಗ್ಗ. ಅದರ 239ನೇ ಗಾಥೆಯಲ್ಲಿ ಬೆಳ್ಳಿಯ ಕೊಳೆ ತೆಗೆಯುವ ಅಕ್ಕಸಾಲಿಗ ಬರುತ್ತಾನೆ. 240ನೇ ಗಾಥೆಯಲ್ಲಿ ಕಬ್ಬಿಣದಲ್ಲೇ ಹುಟ್ಟಿ ಕಬ್ಬಿಣವನ್ನೇ ತಿನ್ನುವ ತುಕ್ಕು ಬರುತ್ತದೆ. ಇವೆರಡೂ ಅಕ್ಕಪಕ್ಕ ಏಕಿವೆ ಎಂಬುದು ನನಗೆ ಚೆನ್ನಾಗಿ ಅರ್ಥವಾದದ್ದು ಮಳವಳ್ಳಿಯ ಒಂದು ವೆಲ್ಡಿಂಗ್ ಶಾಪಿನಲ್ಲಿ.

ನಮ್ಮ ಬಳಗದ ಪುಸ್ತಕದ ಬೀರುವಿಗೆ ಪೌಡರ್ ಕೋಟಿಂಗ್ ಆಗಿದೆ. ಇದು ಬ್ರಷ್ಷಿನಲ್ಲಿ ಬಳಿಯುವ ಬಣ್ಣವಲ್ಲ. ವಿದ್ಯುತ್ ಚಾರ್ಜ್ ಕೊಟ್ಟ ಪುಡಿಯನ್ನು ತಗಡಿಗೆ ಅಂಟಿಸಿ, 200 ಡಿಗ್ರಿ ಆಸುಪಾಸಿನ ಒಲೆಯಲ್ಲಿ ಕಾಯಿಸುತ್ತಾರೆ. ಪುಡಿ ಕರಗಿ ಗಟ್ಟಿ ಚರ್ಮದಂತೆ ಕೂರುತ್ತದೆ. ಆದರೆ ಎಲ್ಲಾದರೂ ಕಿತ್ತುಹೋದರೆ ಅಲ್ಲಿಂದ ನೀರು ಇಳಿದು, ತುಕ್ಕು ಬಣ್ಣದ ಅಡಿಯಲ್ಲೇ ಹರಡುತ್ತದೆ. ನಮ್ಮ ಬೀರುವಿನ ಬಾಗಿಲ ಅಂಚಿನಲ್ಲೂ ಹಾಗೇ ಗುಳ್ಳೆ ಎದ್ದಿತ್ತು.

"ಮೇಷ್ಟ್ರೇ, ಇದರ ಮೇಲೇ ಬಣ್ಣ ಹೊಡುದ್ರೆ ನಾಳೆ ಚೆಂದಾಗ್ ಕಾಣ್ತದೆ, ಮಳೆಗಾಲ ಕಳುದ್ಮೇಲೆ ತಿರ್ಗಾ ಏಳ್ತದೆ" ಎಂದರು ಕೆಲಸದವರು.

ಅವರು ಮೊದಲು ಸೋಪಿನ ನೀರಿನಲ್ಲಿ ತೊಳೆದು ಒಣಗಿಸಿದರು. ಲೋಹ ಮುಟ್ಟದ ಬರೀ ಗೀರುಗಳನ್ನು ಪಾಲಿಶ್ ಹಾಕಿ ಉಜ್ಜಿಬಿಟ್ಟರು. ಗುಳ್ಳೆ ಎದ್ದ ಕಡೆ ಮಾತ್ರ, ಸಡಿಲವಾದ ಪದರವನ್ನು ಗಟ್ಟಿ ಇರುವವರೆಗೂ ಕೆರೆದು ತೆಗೆದರು. ಕಬ್ಬಿಣ ಹೊಳೆಯುವ ತನಕ ಉಪ್ಪುಕಾಗದದಲ್ಲಿ ತಿಕ್ಕಿ, ಅಂಚನ್ನು ನಯವಾಗಿ ಇಳಿಜಾರು ಮಾಡಿದರು. ದೂಳು ಒರೆಸಿ ಪ್ರೈಮರ್ ಕೊಟ್ಟು, ಅದು ಒಣಗಿದ ಮೇಲೆ ತೆಳುವಾಗಿ ಎರಡು ಮೂರು ಸಲ ಬಣ್ಣ ಹಾಕಿದರು. ಒಂದೇ ಸಲ ದಪ್ಪಗೆ ಹಾಕಿದರೆ ಸೋರುತ್ತದಂತೆ. ಹಳೆಯ ಬಣ್ಣಕ್ಕೆ ಹೊಸದು ಪೂರ್ತಿ ಹೊಂದಲಿಲ್ಲ. ಇರಲಿ, ತುಕ್ಕು ಹೋಯಿತಲ್ಲ.

1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬಾಬಾಸಾಹೇಬರು ತಮ್ಮ ಜನರಿಗೆ 22 ಪ್ರತಿಜ್ಞೆಗಳನ್ನು ಬೋಧಿಸಿದರು. ನಾವೂ ಅವನ್ನು ಸ್ವೀಕರಿಸಿದ್ದೇವೆ. ಮನುಷ್ಯರೆಲ್ಲ ಸಮಾನರೆಂದು ನಂಬುತ್ತೇನೆ ಎಂಬುದು ಒಂಬತ್ತನೆಯದು, ಸಮಾನತೆಯ ಸ್ಥಾಪನೆಗೆ ಶ್ರಮಿಸುತ್ತೇನೆ ಎಂಬುದು ಹತ್ತನೆಯದು. ಆದರೂ ಮನೆಯಲ್ಲಿ ಮಗಳ ಸಂಬಂಧದ ಮಾತು ಬಂದಾಗ, "ಅವರೂ ಬೌದ್ಧರೇ, ಸರಿ. ಆದರೆ ಬಲಗೈಯವರೋ ಎಡಗೈಯವರೋ?" ಎಂಬ ಪ್ರಶ್ನೆ ಏಳುತ್ತದೆ.

ಜಾತಿಯನ್ನು ನಾವು ಹುಟ್ಟಿಸಲಿಲ್ಲ, ಅದನ್ನು ನಮ್ಮ ಮೇಲೆ ಹೇರಿದರು. ಆದರೆ ಇವತ್ತು ಆ ಪ್ರಶ್ನೆ ಕೇಳುತ್ತಿರುವ ಬಾಯಿ ನಮ್ಮದು. ಬಿಳಿ ಬಟ್ಟೆ, ಗೋಡೆಯ ಮೇಲಿನ ಫೋಟೋ, ಬಾಯಿಪಾಠದ ಪಂಚಶೀಲ ಅದನ್ನು ಮುಚ್ಚಬಲ್ಲವು, ತೆಗೆಯಲಾರವು.

ತೆಗೆಯುವ ದಾರಿಯನ್ನು ಅಕ್ಕಸಾಲಿಗನ ಗಾಥೆ ಹೇಳುತ್ತದೆ. ಒಂದೇ ಏಟಿಗೆ ಅಲ್ಲ, ಸ್ವಲ್ಪ ಸ್ವಲ್ಪವಾಗಿ, ಕ್ಷಣಕ್ಷಣವೂ. ಅದಕ್ಕೇ ಇಂದಿನ ಅಭ್ಯಾಸ ಇಷ್ಟೇ: ಆ ಪ್ರಶ್ನೆ ನಾಲಿಗೆಗೆ ಬಂದಾಗ ಒಂದು ಗಳಿಗೆ ತಡೆಯೋಣ. ಅದರ ಬದಲು ಹುಡುಗನ ಶೀಲ ಹೇಗಿದೆ, ಏನು ಓದಿದ್ದಾನೆ, ಹೆಣ್ಣುಮಕ್ಕಳನ್ನು ಹೇಗೆ ಕಾಣುತ್ತಾನೆ ಎಂದು ಕೇಳೋಣ. ಮನೆಯ ಹಿರಿಯರು ಒಪ್ಪದಿದ್ದರೆ ಜಗಳ ಬೇಡ, ಒಂಬತ್ತನೇ ಪ್ರತಿಜ್ಞೆಯನ್ನು ಅವರ ಮುಂದೆ ಮೆಲ್ಲಗೆ ಓದೋಣ. ಸ್ವಲ್ಪ ಉರಿಯುತ್ತದೆ. ತಿಕ್ಕುವಾಗ ಉರಿಯಲೇಬೇಕು.

ಸರ್ವರಿಗೂ ಮಂಗಳವಾಗಲಿ.
ಜೈ ಭೀಮ್. ನಮೋ ಬುದ್ಧಾಯ.