ಏಕಾಂತಕ್ಕೆ ಒಡೆಯರುಂಟೆ?

ಮಾಗಡಿ ರಸ್ತೆಯ ಬಳಿಯ ಹೇರೋಹಳ್ಳಿಯು ಒಂದು ಕಾಲಕ್ಕೆ ಕೆರೆ ಹೊಲಗಳ ಊರು. 2007ರಲ್ಲಿ ರಚಿತವಾದ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯೊಳಗೆ ಅದೂ ಸೇರಿತು. ಈಗ ಅಲ್ಲಿ ಮನೆಗೆ ಮನೆ ತಾಗಿದೆ. ಅಂಥ ಕಡೆಯ ಗೃಹಸ್ಥನೊಬ್ಬನು ಬಿಡುವು ದೊರೆತಾಗ ಗೋಕರ್ಣದ ಕಡಲನ್ನು ನೆನೆದರೆ ಆಶ್ಚರ್ಯವಿಲ್ಲ. ಅವನು ಬಯಸುವುದು ನೀರನ್ನಲ್ಲ, ಏಕಾಂತವನ್ನು.

ಮಹಾಬಲೇಶ್ವರನ ದರ್ಶನ ಮುಗಿಸಿ ಅವನು ದಕ್ಷಿಣಕ್ಕೆ ಹೊರಡುತ್ತಾನೆ. ಕುಡ್ಲೆಯನ್ನು ದಾಟಿದರೆ ಓಂಕಾರದ ಆಕಾರವುಳ್ಳ ಓಂ ತೀರ. ಅದರ ಸಮೀಪದವರೆಗೆ ವಾಹನಗಳು ಹೋಗುತ್ತವೆ. ಅದರಾಚೆಗೆ ಗುಡ್ಡದಂಚಿನ ಕಾಲುದಾರಿಯೇ ಗತಿ. ಒಂದು ಕಡೆ ಕುರುಚಲು ಗಿಡ, ಇನ್ನೊಂದು ಕಡೆ ಬಹಳ ಕೆಳಗೆ ಬಂಡೆಗೆ ಅಪ್ಪಳಿಸುವ ತೆರೆ. ಬೆವರು ಸುರಿಸಿ ಇಳಿದಾಗ ‘ಹಾಫ್ ಮೂನ್’ ಎಂದು ಕರೆಯುವ ಅರ್ಧಚಂದ್ರಾಕಾರದ ಪುಟ್ಟ ಮರಳತೀರ ಕಾಣುತ್ತದೆ. ಹಿಂದೆ ಗುಡ್ಡ, ಮುಂದೆ ಅರಬ್ಬೀ ಸಮುದ್ರ, ನಡುವೆ ಅವನೊಬ್ಬನೇ.

ಅಷ್ಟರಲ್ಲಿ ಅದೇ ದಾರಿಯಿಂದ ಬೇರೆ ನಾಲ್ವರು ಇಳಿಯುತ್ತಾರೆ. ಅವನ ಮನಸ್ಸು ಮುದುಡುತ್ತದೆ: ಇವರೇಕೆ ಬಂದರು?

ಈ ಅಸಮಾಧಾನಕ್ಕೆ ನ್ಯಾಯವುಂಟೆ? ಗಾಳಿ, ಹರಿಯುವ ನೀರು, ಸಮುದ್ರ, ಅದರ ತೀರ, ಇವು ಸರ್ವರಿಗೂ ಸಾಮಾನ್ಯವೆಂದು ಕ್ರಿ.ಶ. 533ರ ಜಸ್ಟಿನಿಯನ್ ಚಕ್ರವರ್ತಿಯ ನ್ಯಾಯಗ್ರಂಥವು ಸಾರಿತು. ಭಾರತದ ಸರ್ವೋಚ್ಚ ನ್ಯಾಯಾಲಯವೂ 1996ರಲ್ಲಿ ಬಿಯಾಸ್ ನದಿಯ ಮೊಕದ್ದಮೆಯಲ್ಲಿ ಆ ತತ್ತ್ವವನ್ನು ಎತ್ತಿಹಿಡಿದು, ಇಂಥ ಸಂಪತ್ತಿಗೆ ಸರಕಾರವು ಒಡೆಯನಲ್ಲ, ಪ್ರಜೆಗಳ ಪರವಾಗಿ ಕಾಯುವ ಧರ್ಮದರ್ಶಿ ಮಾತ್ರವೆಂದಿತು. ಸರಕಾರಕ್ಕೇ ಇಲ್ಲದ ಒಡೆತನವು ಅರ್ಧ ಗಳಿಗೆ ಮೊದಲು ಬಂದವನಿಗೆಲ್ಲಿಯದು? ‘ನಾನು ನಡೆದು ಬಂದೆ’ ಎಂದರೆ, ಅವರೂ ನಡೆದೇ ಬಂದವರು. ಅವನಿಗಿಂತ ಎಷ್ಟೋ ತಲೆಮಾರು ಮೊದಲೇ ಮೀನುಗಾರರು ಈ ಕರಾವಳಿಯಲ್ಲಿ ಬಲೆ ಬೀಸಿದ್ದರು.

ಹಾಗಾದರೆ ದಾರಿಯನ್ನು ಯಾರಿಗೂ ಹೇಳದಿರುವುದು ಲೇಸೆ? ಅದು ಸಾಮಾನ್ಯವಾದುದನ್ನು ಗುಟ್ಟಿನಿಂದ ಸ್ವಂತ ಮಾಡಿಕೊಂಡಂತೆ. ಎಲ್ಲರಿಗೂ ಸುಲಭವಾಗಲೆಂದು ರಸ್ತೆ ಮಾಡಿಸುವುದು ಲೇಸೆ? ಆಗ ಎಲ್ಲರೂ ಬರುವರು. ಯಾವುದಕ್ಕಾಗಿ ಬಂದರೋ ಅದು ಮಾತ್ರ ಇರದು. ರಸ್ತೆಯ ಹಿಂದೆ ಏನೇನು ಬರುವುದೆಂಬುದನ್ನು ಹೇರೋಹಳ್ಳಿಯವನಿಗೆ ಬೇರೆ ಹೇಳಬೇಕಾಗಿಲ್ಲ. ದಾರಿಯನ್ನು ಮುಚ್ಚಿಡಲೂ ಬಾರದು, ಅಗಲಿಸಲೂ ಬಾರದು.

ಇದಕ್ಕೊಂದು ಆಕ್ಷೇಪವುಂಟು. ಮುದುಕರು, ಕಾಲಿಲ್ಲದವರು ಏನು ಮಾಡಬೇಕು? ಆಕ್ಷೇಪವು ಲಘುವಾದುದಲ್ಲ. ಅವರಿಗಾಗಿ ಊರಿನ ಮುಂದಿನ ತೀರವು ಇನ್ನೂ ಸುಗಮವಾಗಿ, ಶುಚಿಯಾಗಿ ಇರಬೇಕಾದುದು ನ್ಯಾಯ. ಆದರೆ ಎಲ್ಲ ತೀರಗಳನ್ನೂ ಒಂದೇ ತೆರನಾಗಿಸಿದರೆ ಅವರಿಗೆ ಹೊಸದೇನೂ ದೊರೆಯದು, ಉಳಿದವರಿಗೆ ಇದ್ದುದೂ ಹೋಗುವುದು.

ಏಕಾಂತವು ಸ್ವತ್ತಲ್ಲ, ನಡತೆ. ಇಬ್ಬರು ಮೌನಿಗಳ ನಡುವೆಯೂ ಅದು ಉಳಿದೀತು. ಒಬ್ಬನೇ ಬಂದು ಬಾಟಲಿಯನ್ನು ಎಸೆದು ಹೋದರೂ ಅದು ಕೆಟ್ಟೀತು.

ಸಂಜೆ ಅವನು ತನ್ನ ಕಸವನ್ನು ಗಂಟು ಕಟ್ಟಿಕೊಂಡು ಗುಡ್ಡ ಹತ್ತುತ್ತಾನೆ. ಎದುರು ಬಂದವರು ‘ಇನ್ನೆಷ್ಟು ದೂರ, ಸ್ವಾಮಿ?’ ಎಂದು ಕೇಳುತ್ತಾರೆ. ಅವನು ಒತ್ತಿಗೆ ಸರಿದು ದಾರಿ ಬಿಟ್ಟು, ‘ಸ್ವಲ್ಪ ನಡೆಯಬೇಕು, ಕತ್ತಲಾಗುವ ಮುಂಚೆ ಹಿಂದಿರುಗಿರಿ’ ಎನ್ನುತ್ತಾನೆ.