ಇಂದಿನ ಚಿಂತನೆ: ಹಳೇ ಕೂಲೆಂಟ್ ಎಲ್ಲಿಗೆ?



ನಿನ್ನೆ ಮನೆ ಮುಂದೆಯೇ ಪಿಕಪ್ ಗಾಡಿಯ ಕೂಲೆಂಟ್ ಬದಲಾಯಿಸಿದೆ. ಇಂಜಿನ್ ಪೂರ್ತಿ ತಣ್ಣಗಾಗದೆ ರೇಡಿಯೇಟರ್ ಮುಚ್ಚಳ ತೆಗೆಯಬಾರದು, ಕುದಿನೀರು ಮುಖಕ್ಕೇ ಹಾರುತ್ತದೆ. ಇದು ಡ್ರೈವರ್‌ಗಳಿಗೆಲ್ಲ ಗೊತ್ತು. ಹಳೆಯದನ್ನು ಎಲ್ಲಿ ಚೆಲ್ಲುವುದು ಎಂದು ಮಾತ್ರ ಯಾರೂ ಕೇಳುವುದಿಲ್ಲ. ಅದರಲ್ಲಿರುವ ಎಥಿಲೀನ್ ಗ್ಲೈಕಾಲ್ ಸಿಹಿ. ಬೀದಿನಾಯಿ ನೆಕ್ಕಿದರೆ ಮೂತ್ರಪಿಂಡ ಕೆಟ್ಟು ಸಾಯುತ್ತದೆ. ಮಕ್ಕಳಿಗೂ ವಿಷವೇ. ಚರಂಡಿಗೆ ಬಿಟ್ಟರೆ? ಆ ಚರಂಡಿಗೆ ಕೈಹಾಕುವವರು ಯಾರೆಂದು ನಮಗೆ ಬೇರೆಯವರು ಹೇಳಬೇಕಿಲ್ಲ.

1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬಾಬಾಸಾಹೇಬರು ಕೊಟ್ಟ 22 ಪ್ರತಿಜ್ಞೆಗಳಲ್ಲಿ ಸಕಲ ಜೀವಿಗಳಿಗೆ ಕರುಣೆ ತೋರುವುದೂ ಒಂದು. ಪಂಚಶೀಲದ ಮೊದಲ ಶೀಲ ಹೇಳುವಾಗ ನನಗೀಗ ಆ ನಾಯಿ, ಆ ಪೌರಕಾರ್ಮಿಕರು ನೆನಪಾಗುತ್ತಾರೆ.

ಹಳೇ ಕೂಲೆಂಟನ್ನು ಕ್ಯಾನಿಗೆ ತುಂಬಿ, ಬಿಗಿಯಾಗಿ ಮುಚ್ಚಿ, ಮೇಲೆ ‘ವಿಷ’ ಎಂದು ಬರೆದಿಟ್ಟಿದ್ದೇನೆ. ಅಪಾಯಕಾರಿ ತ್ಯಾಜ್ಯ ತೆಗೆದುಕೊಳ್ಳುವ ಕಡೆ ಯಾರಿಗಾದರೂ ಗೊತ್ತಿದ್ದರೆ ಗುಂಪಿನಲ್ಲಿ ತಿಳಿಸಿ.